ನಿಮ್ಮೂರಿನ ಹವಾಮಾನ

ಶಿವಯೋಗಿ ಸರ್ ತಾವಾಗಿಯೇ ಬಂದು ಕಂಪ್ಯೂಟರ್ ಕ್ಲಾಸಿಗೆ ಕರೆದಿದ್ದರು. ಅದರ ಹಿಂದೆ ಏನಾದರೂ ಇರಬಹುದೆಂದು ಶ್ರೀದೇವಿಗೆ ಆಗ ಅನ್ನಿಸಲೇ ಇಲ್ಲ.

ಅವಳು ರಬಕವಿಯ ಒಂದು ಸೀರೆ ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸಕ್ಕಿದ್ದಳು. ಮನೆ ಪಕ್ಕದ ಬನಹಟ್ಟಿಯಲ್ಲಿ. ಅಪ್ಪ ಯಮನಪ್ಪ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಎರಡು ಪವರ್‌ಲೂಮ್ ಓಡಿಸುತ್ತಿದ್ದ. ಅವ್ವ ಭಾಗವ್ವ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದಳು. ಮಗ್ಗದ ಸದ್ದಿನಲ್ಲೇ ಹುಟ್ಟಿ ಬೆಳೆದವಳಿಗೆ ಆ ಸದ್ದು ಕೇಳಿಸುತ್ತಲೇ ಇರಲಿಲ್ಲ. ಕರೆಂಟು ಹೋಗಿ ಓಣಿಗೆ ಓಣಿಯೇ ಒಮ್ಮೆಲೆ ಸುಮ್ಮನಾದಾಗ ಮಾತ್ರ ಏನೋ ಆಯಿತೆಂದು ಎದೆ ಧಸಕ್ಕೆನ್ನುತ್ತಿತ್ತು. ಬಿ.ಎ. ಮುಗಿದ ಮೇಲೆ ವರ ನೋಡುವ ಮಾತು ಶುರುವಾದಾಗ, ಇನ್ನೊಂದಿಷ್ಟು ದಿನ ಬಿಡಿರೆಂದು ಹಟ ಹಿಡಿದು ಅಂಗಡಿಗೆ ಸೇರಿದ್ದಳು.

ಸರ್ ಬಂದದ್ದು ಆ ಅಂಗಡಿಗೆ ವೆಬ್‌ಸೈಟ್ ಮಾಡಿಕೊಡುವ ನೆಪದಲ್ಲಿ. ಜಮಖಂಡಿಯಲ್ಲಿ ಅವರದೊಂದು ಕಂಪ್ಯೂಟರ್ ಕ್ಲಾಸು. ನಲವತ್ತರ ಆಸುಪಾಸು, ಮೆಲುದನಿ, ಹಣೆಯ ಮೇಲೆ ತೆಳ್ಳಗೆ ವಿಭೂತಿ. ಸೀರೆಗಳ ಫೋಟೊ ತೆಗೆಯುತ್ತ ಅದೂ ಇದೂ ಮಾತಾಡಿದರು. ಯಾವ ಕಾಲೇಜು, ಯಾವ ವರ್ಷ, ಜೊತೆಗೆ ಓದಿದ ಹುಡುಗಿಯರು ಈಗ ಎಲ್ಲೆಲ್ಲಿದ್ದಾರೆ, ಅವರ ಫೋನು ಬರುತ್ತದೆಯೋ ಇಲ್ಲವೋ. ಹೋಗುವ ಮುಂದೆ ಕ್ಯಾಮೆರಾ ಚೀಲಕ್ಕೆ ಹಾಕಿಕೊಳ್ಳುತ್ತ ಹೇಳಿದರು:

“ನಿನ್ನ ತಲಿ ಚುರುಕ ಐತಿ. ಬಿಲ್ ಹಾಕ್ಕೋಂತ ಎಷ್ಟ ದಿವಸ ಕುಂದರತಿ? ನಮ್ಮ ಕ್ಲಾಸಿಗೆ ಬಾ, ವೆಬ್ ಪೇಜ್ ಮಾಡೂದು ಕಲಿ. ಫೀ ಏನೂ ಬ್ಯಾಡ.”

ಅಂದು ಸಂಜೆ ರೊಟ್ಟಿ ಬಡಿಯುತ್ತ ಭಾಗವ್ವ ಕೇಳಿದಳು, “ಫೀ ಯಾಕ ಬ್ಯಾಡಂತ?”

“ಕಲತ ಮ್ಯಾಲ ಅವರ ಕೆಲಸಕ್ಕ ಒಬ್ಬರು ಆಗ್ತಾರಲ್ಲಬೇ, ಅದಕ್ಕ.”

ಭಾಗವ್ವ ಹಂಚಿನ ಮೇಲೆ ಉಬ್ಬುತ್ತಿದ್ದ ರೊಟ್ಟಿಯನ್ನೇ ನೋಡುತ್ತ ಕೂತಳು.

ಅಂಗಡಿಯ ಮಾಲೀಕರನ್ನೂ ಸರ್ ಅವರೇ ಒಪ್ಪಿಸಿದರು. ವಾರದಲ್ಲಿ ಮೂರು ಮಧ್ಯಾಹ್ನ ಶ್ರೀದೇವಿ ಬಸ್ಸು ಹತ್ತಿ ಜಮಖಂಡಿಗೆ ಹೋಗತೊಡಗಿದಳು. ಕ್ಲಾಸು ಇದ್ದದ್ದು ಒಂದು ಹಳೆಯ ಕಟ್ಟಡದ ಮೇಲಿನ ಅಂತಸ್ತಿನಲ್ಲಿ. ಕೆಳಗೆ ಗೊಬ್ಬರದ ಅಂಗಡಿ; ಅದರ ಘಾಟು ಮೆಟ್ಟಿಲು ಹತ್ತಿ ಮೇಲಿನವರೆಗೂ ಬರುತ್ತಿತ್ತು. ಬಿಸಿಲು ಬೀಳಬಾರದೆಂದು ಕಿಟಕಿಗಳಿಗೆಲ್ಲ ಕಾಗದ ಅಂಟಿಸಿದ್ದರು. ಹೊರಗೆ ಎಂಥ ಹೊತ್ತಿದ್ದರೂ ಒಳಗೆ ಟ್ಯೂಬ್‌ಲೈಟಿನ ಒಂದೇ ಬೆಳಕು.

ಮೊದಲ ದಿನ ಬರೆಸಿದ್ದು ಒಂದೇ ಸಾಲು. ‘ಅಲರ್ಟ್’ ಎಂದು ಬರೆದು, ಮುಂದೆ ಕಂಸದೊಳಗೆ ತನಗೆ ಬೇಕಾದ ಮಾತು ಹಾಕಬೇಕು. ಪುಟ ತೆರೆದ ಕೂಡಲೇ ಪರದೆಯ ನಡುವೆ ಒಂದು ಚೌಕ ಪುಟಿದು ‘ನಾನು ಶ್ರೀದೇವಿ’ ಎಂದಿತು. ಅವಳಿಗೆ ನಗು ತಡೆಯಲಾಗಲಿಲ್ಲ. ತಾನು ಬರೆದದ್ದು ತನ್ನ ಮಾತು ಕೇಳಿತಲ್ಲ ಎಂಬ ಖುಷಿ.

“ಇಂಥಾ ಸಾಲಿಗೆ ಜಾವಾಸ್ಕ್ರಿಪ್ಟ್ ಅಂತಾರ. ಇದು ಎಲ್ಲಿ ನಡಿತೈತಿ, ಹೇಳು ನೋಡೂಣು,” ಎಂದರು ಸರ್.

“ಇದ ಕಂಪ್ಯೂಟರನ್ಯಾಗ್ರಿ.”

“ಅಲ್ಲ. ಪೇಜನ್ನ ಯಾರು ತಗೀತಾರೋ ಅವರ ಮೊಬೈಲನ್ಯಾಗ ನಡಿತೈತಿ. ನೀ ಇಲ್ಲಿ ಕುಂತು ಬರಿತಿ. ನೀ ಬರದದ್ದು ಅವರ ಮನಿಯೊಳಗ ಹೋಗಿ ಕೆಲಸ ಮಾಡತೈತಿ. ಇದೊಂದು ಮಾತು ತಲಿಯೊಳಗ ಇಟ್ಕೊ. ಉಳಿದದ್ದೆಲ್ಲಾ ಸಸಾರ.”

ಉಳಿದದ್ದು ಅಷ್ಟು ಸಸಾರವೇನೂ ಇರಲಿಲ್ಲ. ಒಂದು ಉದ್ಧರಣ ಚಿಹ್ನೆ ಬಿಟ್ಟುಹೋದರೆ ಇಡೀ ಪುಟ ಮುನಿಸಿಕೊಂಡು ಕೂರುತ್ತಿತ್ತು. ಇಂಗ್ಲಿಷಿನ ದೊಡ್ಡ ಅಕ್ಷರದ ಜಾಗದಲ್ಲಿ ಸಣ್ಣದು ಬಿದ್ದರೆ, ತಪ್ಪು ತೋರಿಸುವ ಕನ್ಸೋಲಿನಲ್ಲಿ ಕೆಂಪು ಸಾಲು. ಒಮ್ಮೆ ಒಂದು ಬಟನ್ ಮಾಡಿ, ಒತ್ತಿದರೆ ಸೀರೆಯ ಬಣ್ಣ ಬದಲಾಗಬೇಕೆಂದು ಬರೆದಳು. ಒತ್ತಿ ಒತ್ತಿ ಬೆರಳು ನೊಂದವೇ ಹೊರತು ಸೀರೆ ಕೆಂಪಾಗಲಿಲ್ಲ. ಸರ್ ಹಿಂದೆ ಬಂದು ನಿಂತು ನೋಡಿದರು. “ಬಟನ್ ಇನ್ನೂ ಪೇಜಿನ್ಯಾಗ ಬಂದೇ ಇಲ್ಲ, ಅದಕ್ಕಿಂತ ಮೊದಲ ನೀ ಅದನ್ನ ಕರಿಯಾಕತ್ತಿ. ಹುಟ್ಟಲಾರದ ಕೂಸು ಓ ಅಂತೈತೇನು? ಸ್ಕ್ರಿಪ್ಟ್ ಕೆಳಗ ತಗೊಂಡ ಹೋಗು.” ಕೆಳಗೆ ಒಯ್ದಳು. ಒತ್ತಿದ ಕೂಡಲೇ ಸೀರೆ ಕೆಂಪಾಯಿತು. ಆ ದಿನ ಬಸ್ಸಿನಲ್ಲಿ ಕೂತು ಮನೆಗೆ ಬರುವಾಗ ಫೋನಿನಲ್ಲಿ ಕಂಡ ಪ್ರತಿಯೊಂದು ಬಟನ್ನಿನ ಹಿಂದೆಯೂ ಯಾರೋ ಬರೆದಿಟ್ಟ ಮಾತಿದೆಯಲ್ಲ ಎಂದು ಅವಳಿಗೆ ಬೆರಗಾಗಿತ್ತು.

ಇನ್ನೊಂದು ಸಂಗತಿಯನ್ನೂ ಸರ್ ಅವರೇ ಕಲಿಸಿದರು. ಬ್ರೌಸರಿಗೆ ಬಂದ ಸ್ಕ್ರಿಪ್ಟನ್ನು ಯಾರೂ ಮುಚ್ಚಿಡಲಾರರು. ಪುಟದ ವಿಳಾಸದ ಮುಂದೆ ‘ವ್ಯೂ ಸೋರ್ಸ್’ ಎಂದು ಸೇರಿಸಿದರೆ ಒಳಗಿನದೆಲ್ಲ ತೆರೆದುಕೊಳ್ಳುತ್ತದೆ, ಮೊಬೈಲಿನಲ್ಲೂ. ಅವಳು ಬೇಸರವಾದಾಗಲೆಲ್ಲ ಊರವರ ಪುಟಗಳನ್ನು ಹಾಗೆ ತೆರೆದು ಓದುತ್ತಿದ್ದಳು.

ಈ ಖುಷಿಯನ್ನೆಲ್ಲ ಅವಳು ಹೇಳಿಕೊಳ್ಳುತ್ತಿದ್ದದ್ದು ಒಬ್ಬಳ ಮುಂದೆ ಮಾತ್ರ. ಅವಳ ಫೋನಿನಲ್ಲಿ ಆ ನಂಬರಿನ ಹೆಸರು ‘ಟೇಲರ್ ಅಕ್ಕ’ ಎಂದಿತ್ತು. ಖರೆ ಹೆಸರು ಶೀತಲ್.

ಶೀತಲ್ ಕಾಲೇಜಿನಲ್ಲಿ ಅವಳ ಬೆಂಚಿನ ಜೊತೆಗಾತಿ. ಪದವಿ ಮುಗಿಯುವ ಮೊದಲೇ ಅವಳನ್ನು ಮುಧೋಳದ ಪರಮಾನಂದನಿಗೆ ಕೊಟ್ಟಿದ್ದರು. ನೀರಾವರಿ ಹೊಲ, ಟ್ರ್ಯಾಕ್ಟರು, ಸೀಸನ್ನಿನಲ್ಲಿ ಕಬ್ಬು ಸಾಗಿಸಲು ಎರಡು ಗಾಡಿ. ಯಾವ ಚಟವೂ ಇಲ್ಲದ ಗಂಡು. ದನಿ ಎತ್ತಿ ಮಾತಾಡಿದವನಲ್ಲ. ದನಿ ಎತ್ತದೆಯೇ ಅವನು ಹೆಂಡತಿಯ ಫೋನನ್ನು ತನ್ನ ಜೇಬಿಗೆ ಹಾಕಿಕೊಂಡ. ದನಿ ಎತ್ತದೆಯೇ ಅವಳನ್ನು ಹಿಂದಿನ ಕೋಣೆಯಲ್ಲಿಟ್ಟು ಕೀಲಿ ಹಾಕಿದ. ಹೊರಗೆ ಕೂತು ಮಗಳಿಗೆ ಹಾಲು ಕುಡಿಸಿದ. ಮುಂಗೈ ಮುರಿದಾಗ ಬಚ್ಚಲಲ್ಲಿ ಜಾರಿಬಿದ್ದಳೆಂದು ಡಾಕ್ಟರಿಗೆ ಅವನೇ ಹೇಳಿದ. ತವರಿನವರು ಎರಡು ಸಲ ತಿರುಗಿ ಕಳಿಸಿದರು. ಮೂರನೆಯ ಸಲ ಅವಳು ತವರಿಗೆ ಹೋಗಲಿಲ್ಲ. ಮಗಳು ಪ್ರೀತಿಯನ್ನು ಬಗಲಲ್ಲಿ ಎತ್ತಿಕೊಂಡು ಬಸ್ಸು ಹತ್ತಿದವಳು ಎಲ್ಲಿಗೆ ಹೋದಳೆಂದು ಯಾರಿಗೂ ತಿಳಿಯಲಿಲ್ಲ.

ಕೆಲವು ದಿನಗಳಲ್ಲಿ ಪರಮಾನಂದ ಬನಹಟ್ಟಿಗೆ ಬಂದಿದ್ದ. ಶ್ರೀದೇವಿಯ ಮನೆಯ ಕಟ್ಟೆಯ ಮೇಲೆ ಕೂತು, ಕೊಟ್ಟ ನೀರು ಕುಡಿದು, “ನಿನಗೇನರೆ ಫೋನ್ ಮಾಡ್ಯಾಳೇನವಾ?” ಎಂದು ಕೇಳಿದ್ದ. ಇಲ್ಲ ಎಂದಿದ್ದಳು. ಅವನು ಬಹಳ ಹೊತ್ತು ಅವಳ ಮುಖ ನೋಡಿ, “ಆತು ಬಿಡು,” ಎಂದು ಎದ್ದು ಹೋಗಿದ್ದ. ಅಂದು ಅವಳು ಹೇಳಿದ್ದು ಖರೆಯೇ ಇತ್ತು. ಶೀತಲ್ ಫೋನು ಮಾಡಿದ್ದು ಅದಾದ ಎಷ್ಟೋ ತಿಂಗಳ ಮೇಲೆ.

“ಯಾವ ಊರು ಅಂತ ಮಾತ್ರ ಕೇಳಬ್ಯಾಡ ಶ್ರೀ,” ಎಂದಿದ್ದಳು ಮೊದಲ ಸಲವೇ. “ನಿನಗ ಗೊತ್ತಿಲ್ಲ ಅಂದ್ರ ನಿನ್ನ ಬಾಯಿಂದ ಯಾರೂ ಹೊರಡಸಾಕ ಆಗೂದಿಲ್ಲ.”

ಅವಳು ಕೇಳಲಿಲ್ಲ. ಒಂದು ಗಾರ್ಮೆಂಟಿನಲ್ಲಿ ಕೆಲಸ, ಪ್ರೀತಿ ಅಂಗನವಾಡಿಗೆ ಹೋಗುತ್ತಾಳೆ, ಅಲ್ಲಿನ ಭಾಷೆ ಮಾತಾಡುತ್ತಾಳೆ. ಇಷ್ಟೇ ಅವಳಿಗೆ ಗೊತ್ತಿದ್ದದ್ದು.

ಕಾರ್ಖಾನೆಗಳು ಕಬ್ಬು ನುರಿಸಲು ಶುರುಮಾಡಿದ ಹೊತ್ತಿಗೆ ಸರ್ ಒಂದು ಹೊಸ ಅಭ್ಯಾಸ ಕೊಟ್ಟರು. ಪುಟದ ಹೆಸರು ‘ನಿಮ್ಮೂರಿನ ಹವಾಮಾನ’. ತೆರೆದವರ ಜಾಗ ಯಾವುದೆಂದು ಪುಟ ಕೇಳಬೇಕು. ಅವರು ‘ಅಲೌ’ ಎಂದು ಒತ್ತಿದರೆ ಆ ಜಾಗದ ಬಿಸಿಲು ಎಷ್ಟು, ಮಳೆ ಉಂಟೋ ಇಲ್ಲವೋ ಎಂದು ಬೇರೊಂದು ಕಡೆಯಿಂದ ತರಿಸಿ ತೋರಿಸಬೇಕು. ಮೂರು ಕ್ಲಾಸು ಅದಕ್ಕೇ ಹೋದವು. ಕೇಳಿದ ಕೂಡಲೇ ಉತ್ತರ ಬರುವುದಿಲ್ಲ, ಬರುವವರೆಗೆ ಪುಟ ಕಾಯಬೇಕು ಎಂಬುದು ಅವಳ ತಲೆಗೆ ಹತ್ತಲು ಹೊತ್ತು ಹಿಡಿಯಿತು. ಕೊನೆಗೊಂದು ಮಧ್ಯಾಹ್ನ ಪರದೆಯ ಮೇಲೆ ಹಳದಿ ಸೂರ್ಯ ಮೂಡಿ, ಕೆಳಗೆ ‘ನಿಮ್ಮೂರಿನಲ್ಲಿ ಈಗ ಮೂವತ್ತೆರಡು ಡಿಗ್ರಿ’ ಎಂದು ಬಂದಾಗ ಅಕ್ಕಪಕ್ಕದ ಹುಡುಗಿಯರೆಲ್ಲ ಎದ್ದು ಬಂದು ನೋಡಿದರು.

ಸರ್ ಅವಳನ್ನು ಸರಿಸಿ ತಾವೇ ಕೂತು ಪುಟದ ಕೊನೆಗೆ ಒಂದು ಸಾಲು ಸೇರಿಸಿದರು.

“ಇದೇನ್ರಿ ಸರ್?”

“ಎಷ್ಟ ಮಂದಿ ನೋಡಿದ್ರು ಅಂತ ಎಣಸಾಕ. ಇದನ್ನ ಮುಟ್ಟಬ್ಯಾಡ. ಈಗ ಎಲ್ಲಾರಿಗೂ ಕಳಸು. ದೂರ ಇದ್ದಾರಿಗೆ ಮೊದಲ ಕಳಸು. ಇಲ್ಲಿ ಬಿಸಲು ಇಲ್ಲಿಯವರಿಗೆ ಗೊತ್ತ ಐತಿ.”

ಅವಳು ಫೋನಿನಲ್ಲಿದ್ದವರಿಗೆಲ್ಲ ಕಳಿಸಿದಳು. ಟೇಲರ್ ಅಕ್ಕನಿಗೂ ಕಳಿಸಿದಳು: ‘ನಾ ಮಾಡಿದ ಮೊದಲನೇ ಪೇಜ್. ನೋಡಿ ಹೆಂಗೈತಿ ಹೇಳು.’ ಅಂದೇ ಸಂಜೆ ಉತ್ತರ ಬಂತು: ‘ಮಳಿ ಬರ್ತೈತಿ ಅಂತ ತೋರಸಾಕತ್ತೈತಿ. ಖರೇನ ಮೋಡ ಹಾಕೈತಿ. ಪ್ರೀತಿಗೂ ತೋರಸ್ದೆ. ಭಾಳ ಶಾಣ್ಯಾ ಆಗೀಬೇ.’

ಮುಂದಿನ ಕ್ಲಾಸಿಗೆ ಹೋದಾಗ ಸರ್ ಅವಳ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. ಕೈಯಲ್ಲಿ ಫೋನಿತ್ತು. ಸಿಹಿ ತಿಂದವರಂತೆ ಮುಖ ಮಾಡಿಕೊಂಡಿದ್ದರು.

“ನಿನ್ನ ಪೇಜ್ ದೂರ ದೂರ ಮುಟ್ಟೈತಿ. ಇಚಲಕರಂಜಿಯೊಳಗ ಯಾರದಾರ?”

“ನಮ್ಮ ಅತ್ತಿ ಮನಿರಿ.”

“ಪುಣೆದಾಗ?”

“ಕಾಕಾನ ಮಗ. ಕಂಪನಿಯೊಳಗ ಅದಾನ್ರಿ.”

“ಹುಬ್ಬಳ್ಳಿ?”

“ನನ್ನ ಕೂಡ ಕಲತಾಕಿ, ಹಾಸ್ಟೆಲ್‌ನ್ಯಾಗ.”

ಊರಿಗೊಂದು ಹೆಸರು ಹೇಳುತ್ತ ಹೋದಂತೆ ಅವಳಿಗೆ ಹೆಮ್ಮೆಯಾಗುತ್ತಿತ್ತು. ಸರ್ ಬೆರಳಿನಿಂದ ಪರದೆಯನ್ನು ಮೆಲ್ಲಗೆ ಮೇಲಕ್ಕೆ ಸರಿಸಿದರು.

“ತಿರುಪೂರದಾಗ?”

“ಎಲ್ಲೈತ್ರಿ ಅದು?”

“ತಮಿಳುನಾಡಿನ್ಯಾಗ. ಬನಿಯನ್, ಗಾರ್ಮೆಂಟ್ ಊರು.”

ಗಾರ್ಮೆಂಟ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಅವಳಿಗೆ ಅರ್ಥವಾಯಿತು. ಓ, ಅಲ್ಲಿದ್ದಾಳಾ ಎಂದು ಒಂದು ಗಳಿಗೆ ಸಂತೋಷವೇ ಆಯಿತು. ಮರುಗಳಿಗೆ, ಶೀತಲ್ ಬಚ್ಚಿಟ್ಟ ಊರು ಈಗ ಸರ್ ಕೈಯಲ್ಲಿದೆ ಎಂಬುದು ಹೊಳೆಯಿತು. ಮುಖದಲ್ಲಿ ಏನೂ ತೋರಬಾರದೆಂದು ಕೀಬೋರ್ಡಿನ ಕಡೆ ನೋಡಿದಳು.

“ಗೊತ್ತಿಲ್ರಿ ಸರ್. ಯಾರರೆ ಯಾರಿಗರೆ ಕಳಿಸಿರಬೇಕು.”

“ಆತು,” ಎಂದರು ಸರ್. ಫೋನನ್ನು ಬೋರಲು ಹಾಕಿದರು. ಮತ್ತೆ ಅದರ ಮಾತೆತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಎಲ್ಲರಿಗೂ ಹೇಳಿದರು, “ಇವತ್ತ ಇಷ್ಟ ಸಾಕು. ನನಗ ಊರಿಗೆ ಹೋಗೂದೈತಿ. ಸೋಮವಾರ ಬರ್ರಿ.”

ಮೆಟ್ಟಿಲಿಳಿದು ಕೆಳಗೆ ಬಂದಾಗ ಗೊಬ್ಬರದ ಅಂಗಡಿಯ ಮುಂದೆ ಬಿಳಿ ಜೀಪು ನಿಂತಿತ್ತು. ಹಿಂದಿನ ಸೀಟಿನಲ್ಲಿ ಅವಳು ಕಂಡರಿಯದ ಇಬ್ಬರು ಗಂಡಸರು. ಜೀಪಿಗೆ ಒರಗಿ ಚಹಾ ಕುಡಿಯುತ್ತ ನಿಂತವನು ಪರಮಾನಂದ. ಅವಳನ್ನು ನೋಡಿ ಕಪ್ಪು ಕೆಳಗಿಟ್ಟು ನಕ್ಕ.

“ಆರಾಮ ಅದಿಯೇನವಾ ತಂಗಿ? ಕ್ಲಾಸ್ ಛಲೋ ನಡದೈತೇನು?”

“ಹೂಂ ರಿ,” ಎಂದಳು.

“ಶಿವಯೋಗಿ ನಮ್ಮ ಸೋದರಮಾವನ ಮಗ. ನಾನ ಹೇಳಿದ್ದೆ ಅವಗ, ಬನಹಟ್ಟಿಯೊಳಗ ಒಂದು ಶಾಣ್ಯಾ ಹುಡುಗಿ ಐತಿ, ಕಲಸು ಅಂತ.”

ಸರ್ ಕೆಳಗಿಳಿದು ಬಂದರು. ಅವಳ ಕಡೆ ನೋಡಲಿಲ್ಲ. ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡರು. ಜೀಪು ಹೊರಟುಹೋಯಿತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಶ್ರೀದೇವಿ ಫೋನಿನಲ್ಲಿ ತನ್ನ ಪುಟದ ವಿಳಾಸದ ಮುಂದೆ ‘ವ್ಯೂ ಸೋರ್ಸ್’ ಎಂದು ಸೇರಿಸಿದಳು. ತಾನು ಬರೆದ ಸಾಲುಗಳೆಲ್ಲ ಇದ್ದವು. ಕೊನೆಯಲ್ಲಿ ಸರ್ ಸೇರಿಸಿದ ಸಾಲು ಬೇರೊಂದು ಫೈಲಿನ ಹೆಸರು ಹೇಳುತ್ತಿತ್ತು. ಅದನ್ನು ತೆರೆದಳು. ಹದಿನೈದಿಪ್ಪತ್ತು ಸಾಲು, ಅಷ್ಟೇ. ಮೂರು ತಿಂಗಳ ಹಿಂದಾದರೆ ಗೀಚಿದಂತೆ ಕಾಣುತ್ತಿದ್ದ ಸಾಲುಗಳು ಈಗ ಒಂದೊಂದಾಗಿ ತಿಳಿಯುತ್ತ ಹೋದವು. ಹವಾಮಾನಕ್ಕೆಂದು ಜನ ಕೊಟ್ಟ ಒಪ್ಪಿಗೆಯನ್ನೇ ಹಿಡಿದು ಈ ಫೈಲು ಜಾಗವನ್ನು ಇನ್ನೊಮ್ಮೆ ಕೇಳುತ್ತಿತ್ತು. ಎಷ್ಟು ನಿಖರವಾಗಿ ಸಿಗುತ್ತದೋ ಅಷ್ಟು ನಿಖರವಾಗಿ ಬೇಕೆಂದು ಕೇಳುತ್ತಿತ್ತು. ಬಂದದ್ದನ್ನು ಹೊತ್ತಿನ ಸಮೇತ ಸರ್ ಅವರ ವಿಳಾಸಕ್ಕೆ ಕಳಿಸುತ್ತಿತ್ತು. ಎಣಿಸುವ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಹೊರಗೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತು ಬಸ್ಸು ಆಮೆಯಂತೆ ಹೋಗುತ್ತಿತ್ತು. ಅವಳು ಟೇಲರ್ ಅಕ್ಕನಿಗೆ ಫೋನು ಹಚ್ಚಿದಳು. ಸ್ವಿಚ್ ಆಫ್. ಮತ್ತೆ ಹಚ್ಚಿದಳು. ಪಾಳಿಯ ಹೊತ್ತಿನಲ್ಲಿ ಫೋನನ್ನು ಗೇಟಿನಲ್ಲಿ ಇಟ್ಟುಕೊಳ್ಳುತ್ತಾರೆಂದು ಶೀತಲ್ ಹೇಳಿದ್ದು ನೆನಪಾಯಿತು. ‘ಈ ಮೆಸೇಜ್ ನೋಡಿದ ಕೂಡ್ಲೆ ಫೋನ್ ಮಾಡು’ ಎಂದು ಬರೆದಳು. ಮೆಸೇಜಿನ ಕೆಳಗೆ ಒಂದೇ ಟಿಕ್ ಗುರುತು ಬಿತ್ತು, ಮುಟ್ಟಿತೆನ್ನುವ ಎರಡನೆಯದು ಬೀಳಲಿಲ್ಲ.

ಮನೆಗೆ ಬಂದವಳು ಚಪ್ಪಲಿ ಬಿಡದೆ ಅಂಗಳದಲ್ಲೇ ನಿಂತಳು. ಶೆಡ್ಡಿನಲ್ಲಿ ಮಗ್ಗಗಳು ಬಡಿಯುತ್ತಿದ್ದವು. ಭಾಗವ್ವ ಹೊರಗೆ ಬಂದು ಮಗಳ ಮುಖ ನೋಡಿದಳು.

“ಏನಾತು?”

ಶ್ರೀದೇವಿ ಎಲ್ಲವನ್ನೂ ಹೇಳಿದಳು. ಶೀತಲ್ ಜೊತೆ ಮಾತಾಡುತ್ತಿದ್ದದ್ದು, ಪೇಜು, ಜೀಪು. ಸ್ಕ್ರಿಪ್ಟು ಅಂದರೆ ಏನೆಂದು ಅವ್ವನಿಗೆ ತಿಳಿಯಲಿಲ್ಲ. ತಿಳಿಯಬೇಕಾದದ್ದು ತಿಳಿಯಿತು. “ನಿನ್ನ ಕೈಲೆ ಅಕಿ ಮನಿ ಬಾಗಲಾ ತಗಸ್ಯಾರ,” ಎಂದಳು. ಒಳಗೆ ಹೋಗಿ ನೀರು ತಂದು ಕೊಟ್ಟಳು. ಆಮೇಲೆ ಅವಳೂ ಅಲ್ಲೇ ಕಟ್ಟೆಯ ಮೇಲೆ ಕೂತಳು.

ಬೆಳಕು ಇನ್ನೂ ಇತ್ತು. ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಆ ಮೌನದಲ್ಲಿ ಫೋನು ರಿಂಗಾಯಿತು.

“ಏನ್ ಬೇ, ಇಷ್ಟ ಸಲ ಯಾಕ ಹಚ್ಚಿ?” ಶೀತಲ್ ನಗುತ್ತಲೇ ಕೇಳಿದಳು. ಹಿಂದೆ ಬಸ್ಸಿನ ಹಾರ್ನು, ತಮಿಳು ಮಾತು.

“ನೀ ತಿರುಪೂರದಾಗ ಅದಿಯೇನ?”

ಆ ಕಡೆಯ ನಗು ನಿಂತಿತು.

“ನಿನಗ ಯಾರು ಹೇಳಿದ್ರು?”

“ಆ ಪೇಜ್ ಹೇಳೈತಿ. ನಮ್ಮ ಸರ್ ಪರಮಾನಂದನ ಮಾವನ ಮಗ ಅಂತ. ನನಗ ಗೊತ್ತಿರಲಿಲ್ಲ ಶೀತಲ್. ಮಧ್ಯಾಹ್ನ ಜೀಪ್ ತಗೊಂಡ ಹೊಂಟಾರ. ನಾಲ್ಕು ಮಂದಿ ಅದಾರ.”

ಹಿಂದಿನ ಹಾರ್ನಿನ ಸದ್ದು ದೂರವಾಯಿತು; ಶೀತಲ್ ಬದಿಗೆ ಸರಿದಿದ್ದಳು.

“ಊರಷ್ಟ ತೋರಸೈತೋ, ಓಣಿನೂ ತೋರಸೈತೋ?”

“ನೀ ಪೇಜ್ ಎಲ್ಲಿ ಕುಂತು ತಗದಿದ್ದಿ?”

“ಮನಿಯೊಳಗ. ಪ್ರೀತಿಗೆ ತೋರಸಾಕ ಅಂತ.”

“ಹಂಗಾರ ಮನಿನ ತೋರಸೈತಿ.”

ಶ್ರೀದೇವಿಗೆ ಅಳು ಒತ್ತರಿಸಿ ಬಂತು, ಆದರೆ ಈಗ ಅತ್ತರೆ ಶೀತಲ್‌ಗೆ ಹೊತ್ತು ಹಾಳಾಗುತ್ತದೆಂದು ತುಟಿ ಕಚ್ಚಿ ಹಿಡಿದಳು. ಶೀತಲ್ ತನಗೆ ತಾನೇ ಎಂಬಂತೆ ಲೆಕ್ಕ ಹಾಕುತ್ತಿದ್ದಳು: ಮಗಳನ್ನು ಅಂಗನವಾಡಿ ಟೀಚರ ಮನೆಯಿಂದ ಕರೆದುಕೊಳ್ಳಬೇಕು, ಕಾಗದಪತ್ರ ಮಂಚದ ಕೆಳಗಿವೆ. ಆಮೇಲೆ ಹೇಳಿದಳು, “ಈ ಸಿಮ್ ಮುರದ ಒಗೀತೇನಿ. ನೀ ಹಚ್ಚಬ್ಯಾಡ. ನಾನೂ ಹಚ್ಚೂದಿಲ್ಲ.”

“ಎಲ್ಲಿಗೆ ಹೋಗ್ತಿ?”

“ಕೇಳಬ್ಯಾಡ ಅಂದೇನಲ್ಲ ಶ್ರೀ.” ಇಡುವ ಮೊದಲು ಮತ್ತೆ ಹೇಳಿದಳು: “ಪೇಜ್ ಖರೇನ ಛಂದ ಇತ್ತು.”

ಫೋನು ಇಟ್ಟಳು.

ಶ್ರೀದೇವಿ ಫೋನಿನಲ್ಲೇ ಕೆಲಸಕ್ಕೆ ಕೂತಳು. ಪುಟವನ್ನೂ ಆ ಇನ್ನೊಂದು ಫೈಲನ್ನೂ ಇದ್ದ ಹಾಗೆಯೇ ಉಳಿಸಿಕೊಂಡಳು, ಪರದೆಯ ಫೋಟೊ ತೆಗೆದಿಟ್ಟುಕೊಂಡಳು. ಆಮೇಲೆ ಕೊನೆಯ ಸಾಲನ್ನು ಅಳಿಸಿ ಪುಟವನ್ನು ತಿರುಗಿ ಏರಿಸಿದಳು. ಯಾವಾಗಲೋ ಮುಗಿದುಹೋದ ಕೆಲಸಕ್ಕೆ ಈಗ ಬಾಗಿಲು ಹಾಕಿದಂತೆ ಅದು. ಆದರೂ ಹಾಕದೆ ಇರಲಾಗಲಿಲ್ಲ.

ಶುಕ್ರವಾರ ಹೋಯಿತು, ಶನಿವಾರ ಹೋಯಿತು. ಯಾವ ಸುದ್ದಿಯೂ ಇಲ್ಲ. ಅಂಗಡಿಯಲ್ಲಿ ಬಿಲ್ಲಿನ ಮೇಲೆ ಒಂದರ ಬದಲು ಇನ್ನೊಂದು ಬಣ್ಣ ಬರೆದು ಮಾಲೀಕರಿಂದ ಬೈಸಿಕೊಂಡಳು. ಶೀತಲ್ ಪಾರಾದಳೆಂದು ಒಮ್ಮೆ ಅನ್ನಿಸುತ್ತಿತ್ತು. ಮರುಗಳಿಗೆ, ಬಸ್ ನಿಲ್ದಾಣದಲ್ಲೇ ಹಿಡಿದಿದ್ದರೆ ಎಂದು ಫೋನು ತೆಗೆದು ನೋಡುತ್ತಿದ್ದಳು. ಸೋಮವಾರ ಕ್ಲಾಸಿಗೆ ಹೋಗುತ್ತೇನೆಂದಾಗ ಯಮನಪ್ಪ ಬೇಡವೆಂದ. ಭಾಗವ್ವ ಸೀರೆಯ ಸೆರಗು ಸಿಕ್ಕಿಸಿಕೊಂಡು, “ನಾನೂ ಬರತೇನಿ,” ಎಂದಳು.

ಕ್ಲಾಸಿನ ಬಾಗಿಲು ತೆರೆದಿತ್ತು. ಬೇರೆ ಯಾರೂ ಬಂದಿರಲಿಲ್ಲ. ಸರ್ ತಮ್ಮ ಮೇಜಿನ ಹಿಂದೆ ಕೂತು ಕನ್ನಡಕ ಒರೆಸುತ್ತಿದ್ದರು. ಶ್ರೀದೇವಿ ದಿನವೂ ಕೂರುತ್ತಿದ್ದ ಕುರ್ಚಿಯಲ್ಲಿ ಪರಮಾನಂದ ಕೂತಿದ್ದ. ಗಡ್ಡ ಬೆಳೆದಿತ್ತು. ಅಂಗಿ ಮುದ್ದೆಯಾಗಿತ್ತು. ದನಿ ಮಾತ್ರ ಮೊದಲಿನಂತೆಯೇ ಇತ್ತು.

“ಬಾರವಾ. ಅವ್ವಾರೂ ಬಂದಾರಲ್ಲ. ಕುಂದರ್ರಿ.”

ಇಬ್ಬರೂ ಕೂರಲಿಲ್ಲ.

“ಬಾಗಲಾ ತಗದ ಇತ್ತು,” ಎಂದ ಪರಮಾನಂದ. “ಒಲಿ ಮ್ಯಾಲ ಅನ್ನದ ಪಾತೇಲಿ ಹಂಗ ಇತ್ತು. ಅಕ್ಕಿ ನೆನಿ ಇಟ್ಟಿದ್ಲು, ಬೆಂಕಿ ಹಚ್ಚಿರಲಿಲ್ಲ. ಗ್ವಾಡಿ ಮ್ಯಾಲ ನನ್ನ ಕೂಸು ಪೆನ್ಸಿಲ್ಲೆ ಗೀಚಿತ್ತು, ನನಗ ಓದಾಕ ಬರಲಾರದ ಅಕ್ಷರ.” ಅಂಗಿಯ ಜೇಬಿಗೆ ಕೈ ಹಾಕಿ ಒಂದು ಪುಟ್ಟ ಗುಲಾಬಿ ಬಣ್ಣದ ಚಪ್ಪಲಿ ತೆಗೆದು ಕೀಬೋರ್ಡಿನ ಮೇಲೆ ಇಟ್ಟ. “ಬಾಗಲದಾಗ ಬಿದ್ದಿತ್ತು. ಇನ್ನೊಂದು ಇರಲಿಲ್ಲ. ನನ್ನ ಮಗಳು ಎಲ್ಲೋ ಒಂದ ಚಪ್ಪಲಿ ಮ್ಯಾಲ ಅಡ್ಡಾಡಾಕತ್ತಾಳ.”

ಪಾರಾಗಿದ್ದಾರೆ. ಶ್ರೀದೇವಿಗೆ ಗೊತ್ತಾದದ್ದು ಹೀಗೆ.

“ನೀನ ಫೋನ್ ಮಾಡಿದೇನು?”

“ಹೌದ್ರಿ.”

ಅವನು ತಲೆ ಆಡಿಸಿದ, ಹೋಗಲಿ ಬಿಡು ಎನ್ನುವವನಂತೆ. ಶ್ರೀದೇವಿ ಅವನನ್ನು ಬಿಟ್ಟು ಸರ್ ಕಡೆ ತಿರುಗಿದಳು.

“ಇದಕ್ಕ ನನಗ ಕಲಿಸಿದ್ರೇನ್ರಿ ಸರ್? ಮೊದಲಿಂದನೂ ಇದಕ್ಕ?”

ಸರ್ ಕನ್ನಡಕ ಹಾಕಿಕೊಂಡರು. “ಕೂಸು ಅಪ್ಪನ ಮನಿಗೆ ಬರಬೇಕಲ್ಲವಾ. ನಾ ಏನ್ ಕೆಟ್ಟದ್ದ ಮಾಡ್ದೆ? ಕಳವು ಮಾಡಿಲ್ಲ, ಮೋಸ ಮಾಡಿಲ್ಲ. ಪೇಜ್ ಕೇಳಿದ ಮ್ಯಾಲನ ತಗೊಂಡೈತಿ. ಅಲೌ ಅಂತ ಅಕಿನ ಒತ್ಯಾಳ.”

“ಹವಾಮಾನ ನೋಡಾಕ ಒತ್ತಿದ್ಲ್ರಿ. ನಾ ಕಳಿಸೇನಿ ಅಂತ ಒತ್ತಿದ್ಲು.”

ಸರ್ ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದರು. ಅವರ ಮುಖದಲ್ಲಿ ನಾಚಿಕೆ ಇತ್ತೋ ಬರೀ ದಣಿವಿತ್ತೋ, ಆ ಬೆಳಕಿನಲ್ಲಿ ಅವಳಿಗೆ ಗೊತ್ತಾಗಲಿಲ್ಲ.

ಪರಮಾನಂದ ಎದ್ದ. ಚಪ್ಪಲಿಯನ್ನು ಧೂಳು ಒರೆಸಿ ಮತ್ತೆ ಜೇಬಿಗೆ ಹಾಕಿಕೊಂಡ. ಅವರನ್ನು ದಾಟಿ ಹೋಗುವಾಗ ಭಾಗವ್ವನಿಗೆ ಕೈಮುಗಿದ.

“ನಿಮ್ಮ ಮನಿ ನನಗ ಗೊತ್ತೈತ್ರಿ. ಅದಕ್ಕ ಯಾವ ಪೇಜೂ ಬೇಕಾಗಿಲ್ಲ.”

ಅವನ ಹೆಜ್ಜೆ ಮೆಟ್ಟಿಲಿಳಿದು ಹೋಯಿತು. ಆಮೇಲೆ ಭಾಗವ್ವ ಮಗಳ ರಟ್ಟೆ ಹಿಡಿದು, “ನಡಿ,” ಎಂದಳು. ಬಸ್ ನಿಲ್ದಾಣದ ಕಡೆ ಹೋಗುತ್ತಾರೆಂದು ಶ್ರೀದೇವಿ ಎಣಿಸಿದ್ದಳು. ಅವ್ವ ಅವಳನ್ನು ನೇರವಾಗಿ ಪೊಲೀಸ್ ಠಾಣೆಗೆ ಕರೆದೊಯ್ದಳು.

ಅಲ್ಲಿದ್ದ ಮಹಿಳಾ ಪೊಲೀಸರ ಮುಂದೆ ಶ್ರೀದೇವಿ ತಾನು ಉಳಿಸಿಕೊಂಡಿದ್ದನ್ನು ತೆರೆದು ಒಂದೊಂದು ಸಾಲು ಏನು ಮಾಡುತ್ತದೆಂದು ಹೇಳಿದಳು. ಹೇಳುವಾಗ ಎರಡು ಕಡೆ ತಪ್ಪಿ ತಿದ್ದಿಕೊಂಡಳು. ಅವರು ಸಾವಕಾಶವಾಗಿ ಕೇಳಿ ದೂರು ಬರೆದುಕೊಂಡರು. ಸರ್ ಅವರನ್ನೂ ಪರಮಾನಂದನನ್ನೂ ಕರೆಸಿದರು. ಕಂಪ್ಯೂಟರು ಒಯ್ದರು. ಕೇಸು ನಡೆದಿದೆ, ಯಾವಾಗ ಮುಗಿಯುತ್ತದೋ ಗೊತ್ತಿಲ್ಲ. ಕ್ಲಾಸಿನ ಬೋರ್ಡು ಇಳಿಯಿತು; ಸರ್ ಊರು ಬಿಟ್ಟರು ಎಂದು ಒಬ್ಬರು, ಇಲ್ಲ ಬೀಳಗಿಯಲ್ಲಿ ಹೆಂಡತಿಯ ಮನೆಯಲ್ಲಿದ್ದಾರೆ ಎಂದು ಇನ್ನೊಬ್ಬರು ಹೇಳುತ್ತಾರೆ. ಪರಮಾನಂದ ಮುಧೋಳದಲ್ಲೇ ಇದ್ದಾನೆ, ಹೊಲ ನೋಡಿಕೊಂಡು. ಅವನ ಬಿಳಿ ಜೀಪು ಬನಹಟ್ಟಿಯ ಸಂತೆಯ ದಿನ ಎರಡು ಸಲ ಕಂಡಿತ್ತು. ಸಂತೆಗೆ ಯಾರು ಬೇಕಾದರೂ ಬರಬಹುದು. ಯಮನಪ್ಪ ಮುಂಬಾಗಿಲಿಗೆ ಕಬ್ಬಿಣದ ಜಾಳಿಗೆ ಹಾಕಿಸಿದ.

ಶ್ರೀದೇವಿ ಕಲಿಯುವುದನ್ನು ಬಿಡಲಿಲ್ಲ. ಬಿಟ್ಟುಬಿಡು ಎಂದು ಅತ್ತೆ ಇಚಲಕರಂಜಿಯಿಂದ ಫೋನು ಮಾಡಿ ಹೇಳಿದಳು. ಬಿಟ್ಟರೆ ತನಗೆ ಗೊತ್ತಿರುವುದು ಅಷ್ಟಕ್ಕೇ ನಿಂತುಹೋಗುತ್ತದೆ, ಅವರಿಗೆ ಗೊತ್ತಿರುವುದು ಬೆಳೆಯುತ್ತಲೇ ಇರುತ್ತದೆ ಎಂದು ಅವಳಿಗೆ ಅನ್ನಿಸಿತು. ಅಂಗಡಿಯ ಹಳೆಯ ಲ್ಯಾಪ್‌ಟಾಪಿನಲ್ಲಿ ಮಧ್ಯಾಹ್ನ ಗಿರಾಕಿ ಇಲ್ಲದಾಗ ಕೂರುತ್ತಾಳೆ. ಬೇರೆಯವರು ಬರೆದ ಒಂದು ಸಾಲನ್ನೂ ಏನೆಂದು ತಿಳಿಯದೆ ತನ್ನ ಪುಟದೊಳಗೆ ಬಿಟ್ಟುಕೊಳ್ಳುವುದಿಲ್ಲ. ಅದರಿಂದ ಕೆಲಸ ನಿಧಾನವಾಗುತ್ತದೆ. ಆದರೆ ಆಗಲಿ ಎನ್ನುತ್ತಾಳೆ.

ಶೀತಲ್ ಎಲ್ಲಿದ್ದಾಳೆಂದು ಅವಳಿಗೆ ಗೊತ್ತಿಲ್ಲ. ಇತ್ತೀಚೆಗೆ ಒಮ್ಮೊಮ್ಮೆ ಗೊತ್ತಿಲ್ಲದ ನಂಬರಿನಿಂದ ಫೋನು ಬರುತ್ತದೆ. ಎತ್ತಿದರೆ ಆ ಕಡೆಯವರು ಮಾತಾಡುವುದಿಲ್ಲ. ಉಸಿರಿದ್ದಂತೆ ಇರುತ್ತದೆ, ಒಮ್ಮೆ ದೂರದಲ್ಲಿ ಗಾಡಿಯ ಸದ್ದು ಕೇಳಿದಂತಿತ್ತು. ಗೆಳತಿ ತನ್ನ ದನಿ ಕೇಳಲೆಂದು ಮಾಡುತ್ತಿರಬಹುದು. ಇಲ್ಲವೇ ಪರಮಾನಂದ, ಗೆಳತಿಯ ಹೆಸರು ಇವಳ ಬಾಯಿಂದ ಬರಲೆಂದು ಕಾಯುತ್ತಿರಬಹುದು. ಶ್ರೀದೇವಿ ಯಾರ ಹೆಸರನ್ನೂ ಹೇಳುವುದಿಲ್ಲ. “ಹಲೋ, ನಾ ಆರಾಮ ಅದೇನಿ,” ಎನ್ನುತ್ತಾಳೆ, ಸ್ವಲ್ಪ ಹೊತ್ತು ಕಿವಿಗೆ ಹಿಡಿದು ನಿಂತಿರುತ್ತಾಳೆ, ಆಮೇಲೆ ತಾನೇ ಕಟ್ ಮಾಡುತ್ತಾಳೆ.